ಒಂದು ಗೇಣು ಟೇಪು

ಹನ್ನೊಂದನೆಯ ಪುಟದ ಆ ಸಾಲನ್ನು ಬೆಳಗಿನಿಂದ ನಾಲ್ಕು ಸಲ ಓದಿದ್ದಳು. ಈಗ ಕಾರಿನಲ್ಲಿ ಕೂತು, ಕನ್ನಡಕ ತೆಗೆದು ಸ್ವೆಟರಿನ ಅಂಚಿನಿಂದ ಒರೆಸಿ, ಮತ್ತೆ ಮೂಗಿನ ಮೇಲಿಟ್ಟು ಐದನೆಯ ಸಲ ಓದಿದಳು, ಗಾಜು ಒರೆಸಿದರೆ ಸಾಲು ತನ್ನಷ್ಟಕ್ಕೆ ತಿದ್ದಿಕೊಳ್ಳುತ್ತದೇನೋ ಎಂಬಂತೆ. ‘ಧ್ವನಿಮುದ್ರಣದ ಆ ದಿನಗಳಲ್ಲಿ ಎಲ್ಲರಿಗೂ ಚಹಾ ತಂದುಕೊಡುತ್ತಿದ್ದ ನಗುಮೊಗದ ಹುಡುಗಿಯೊಬ್ಬಳನ್ನು ಬ್ಯಾಂಡಿನವರು ಇಂದಿಗೂ ಪ್ರೀತಿಯಿಂದ ನೆನೆಯುತ್ತಾರೆ.’ ನಗುಮೊಗವಂತೆ. ಸ್ಟುಡಿಯೋದಲ್ಲಿ ಟೇಪು ಕತ್ತರಿಸಿ ಜೋಡಿಸುತ್ತಿದ್ದ ಆ ಎರಡು ವರ್ಷ ಅವಳ ಮುಖದಲ್ಲಿ ನಗು ಕಂಡವರು ಯಾರಾದರೂ ಇದ್ದರೆ ಮುಂದೆ ಬರಲಿ. ಬಾಯಲ್ಲಿ ಹಳದಿ ಪೆನ್ಸಿಲು ಕಚ್ಚಿಕೊಂಡು, ಬಲಗೈಯಲ್ಲಿ ಬ್ಲೇಡು ಹಿಡಿದು, ಕೊರಳ ಸುತ್ತ ಟೇಪಿನ ತುಂಡುಗಳನ್ನು ಇಳಿಬಿಟ್ಟುಕೊಂಡು ಸತ್ತ ಹಾವು ಮಾರುವವಳ ಹಾಗೆ ಕೂತಿರುತ್ತಿದ್ದವಳು ನಗುವುದಾದರೂ ಹೇಗೆ, ಪೆನ್ಸಿಲು ಬಿದ್ದುಹೋಗುವುದಿಲ್ಲವೆ?

“ಚಹಾ ಅಂತೆ ಕಣೇ. ಚಹಾ!” ಎಂದಳು.

ಕಾರು ಓಡಿಸುತ್ತಿದ್ದ ಅಕ್ಕನ ಮಗಳು ಮುಂದಿನ ಲಾರಿಯ ಬೆನ್ನಿನಿಂದ ಕಣ್ಣು ತೆಗೆಯದೆ, “ನೀನು ಮಾಡೋ ಚಹಾ ಕುಡಿದಿದ್ರೆ ಆ ಬ್ಯಾಂಡು ಆ ವಾರವೇ ಒಡೆದುಹೋಗ್ತಿತ್ತು ಚಿಕ್ಕಮ್ಮ. ಬರೆದವನಿಗೆ ಅಷ್ಟೂ ಗೊತ್ತಿಲ್ಲ,” ಎಂದಳು.

ಬರೆದವನಿಗೆ ಏನೂ ಗೊತ್ತಿರಲಿಲ್ಲ. ಗಡ್ಡ ಬಿಟ್ಟುಕೊಂಡು, ತಾನು ಹುಟ್ಟುವ ಮೊದಲಿನ ಹಾಡುಗಳನ್ನೆಲ್ಲ ತನ್ನ ಸ್ವಂತ ಬಾಲ್ಯದಂತೆ ಮಾತಾಡುವವ. ಹಾಡಿಗೆ ಐವತ್ತು ವರ್ಷ ತುಂಬಿತೆಂದು ಅದನ್ನು ಮತ್ತೆ ದೊಡ್ಡದಾಗಿ ಹೊರತರುತ್ತಿದ್ದರು, ಜೊತೆಗೊಂದು ಪುಸ್ತಿಕೆ, ಅದರಲ್ಲಿ ‘ಈ ಹಾಡಿನ ಹಿನ್ನೆಲೆ ಮತ್ತು ನಾದ’ ಎಂಬ ದೊಡ್ಡ ಅಧ್ಯಾಯ. ‘ಒಮ್ಮೆ ನೋಡಿಬಿಡಿ ಮೇಡಂ, ನಾಳೆ ಸ್ಟುಡಿಯೋದಲ್ಲಿ ಎಲ್ಲರೂ ಸೇರೋಣ, ಸಂಜೆಗೆ ಅಚ್ಚಿಗೆ ಹೋಗುತ್ತೆ’ ಎಂದು ಕಳಿಸಿದ್ದ. ಚಹಾದ ಸಾಲನ್ನು ಅವಳು ಹೇಗೋ ನುಂಗಿಕೊಂಡಾಳು. ಅದರ ಕೆಳಗಿನ ಸಾಲಿತ್ತಲ್ಲ, ಅದನ್ನು ಒಂದೇ ಸಲ ಓದಿ, ಆಮೇಲೆ ಕಣ್ಣು ಅದರ ಮೇಲೆ ಬೀಳದಂತೆ ಹೆಬ್ಬೆರಳು ಇಟ್ಟುಕೊಂಡೇ ಪುಟ ಹಿಡಿದಿದ್ದಳು. ‘ಡ್ರಮ್ಮು ಬಾರಿಸುತ್ತಿದ್ದವನಿಗೆ ಈ ಏಳು ಪೆಟ್ಟಿನ ಲೆಕ್ಕ ಕೊನೆಯವರೆಗೂ ಹತ್ತಲಿಲ್ಲ. ತಾಳ ತಪ್ಪುವವನನ್ನು ಬ್ಯಾಂಡು ಕೈಬಿಡಲೇಬೇಕಾಯಿತು.’ ಹೆಬ್ಬೆರಳು ಬೆವರಿ ಕಾಗದದ ಮೇಲೆ ಒದ್ದೆ ಗುರುತು ಮೂಡಿತ್ತು. ತೊಡೆಯ ಮೇಲೆ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿ. ಅದರಲ್ಲೇನಿದೆ ಎಂದು ಹುಡುಗಿ ಎರಡು ಸಲ ಕೇಳಿದಳು. ಹುಡುಗಿ ಎಂದರೆ ಐವತ್ತರ ಹೆಂಗಸು. ಹಾಡಿಗೂ ಅವಳಿಗೂ ಒಂದೇ ವಯಸ್ಸು. “ಹೊಲಿಗೆ ಸಾಮಾನು,” ಎಂದು ಇವಳು ಎರಡು ಸಲವೂ ಹೇಳಿದಳು.

ಆ ಕಾಲದಲ್ಲಿ ಚಿಕ್ಕ ಹಾಡು ಮಾಡುವುದೆಂದರೆ ಆ ಬ್ಯಾಂಡಿನವರಿಗೆ ಮರ್ಯಾದೆ ಹೋದಂತೆ. ಪ್ರೋಗ್ರೆಸಿವ್ ರಾಕ್ ಎಂದು ತಮ್ಮನ್ನು ಕರೆದುಕೊಳ್ಳುತ್ತಿದ್ದರು. ಒಂದು ಹಾಡು ಶುರುವಾದರೆ ಜನ ಹೊರಗೆ ಹೋಗಿ, ಸಿಗರೇಟು ಸೇದಿ, ಒಂದು ಜಗಳ ಆಡಿ ವಾಪಸು ಬಂದರೂ ಇನ್ನೂ ಅದೇ ಹಾಡು ನಡೆಯುತ್ತಿರಬೇಕು. ಆರ್ಗನ್ನು ನುಡಿಸುತ್ತಿದ್ದ ಮುಖಂಡನನ್ನು ಎಲ್ಲರೂ ಪ್ರೊಫೆಸರ್ ಎನ್ನುತ್ತಿದ್ದರು. ಕಾಲೇಜು ಮೆಟ್ಟಿಲು ಹತ್ತಿ ಒಂದೇ ವರ್ಷಕ್ಕೆ ಇಳಿದವನು, ಆದರೆ ಮಾತಾಡುವಾಗ ಎದುರಿಗೆ ಕರಿಹಲಗೆ ಇದೆಯೇನೋ ಅನ್ನಿಸುತ್ತಿತ್ತು. ಡ್ರಮ್ಮಿನವನಿಗೆ ಗಡಿಯಾರ ಎಂದು ಹೆಸರು. ಸಣಕಲು ದೇಹ, ದೊಡ್ಡ ಕಿವಿ. ಹೊರಗಿನಿಂದ ಬಂದವರು ಹೊತ್ತೆಷ್ಟು ಎಂದು ಕೇಳಿದರೆ ಕೈಗೆ ವಾಚು ಕಟ್ಟಿಕೊಳ್ಳದ ಅವನು ನಿಮಿಷ ತಪ್ಪದೆ ಹೇಳುತ್ತಿದ್ದ. ಬಾರಿಸುವಾಗ ತುಟಿಯಲ್ಲೇ ಎಣಿಸುವ ಚಾಳಿ. ಒಂದು ಸುತ್ತು ಮುಗಿಯುವಲ್ಲಿ ‘ಎಂಟು’ ಎಂದು ಬಾಯಿಂದ ಹೊರಗೇ ಬಂದುಬಿಡುತ್ತಿತ್ತು, ಮೈಕಿಗೆ ಸಿಕ್ಕಿಬಿಡುತ್ತಿತ್ತು, ಹಿರಿಯ ಇಂಜಿನಿಯರು ಗಾಜಿನ ಈಚೆಯಿಂದ ಹಣೆ ಚಚ್ಚಿಕೊಳ್ಳುತ್ತಿದ್ದರು. ಆ ಇಪ್ಪತ್ತೆರಡು ನಿಮಿಷದ ಹಾಡನ್ನು ಮೂರೂವರೆ ನಿಮಿಷಕ್ಕೆ ಇಳಿಸಿ, ಸಿಂಗಲ್ ಎಂದು ಚಿಕ್ಕ ಗ್ರಾಮಫೋನ್ ತಟ್ಟೆಯ ಮೇಲೆ ತರಬೇಕೆಂದು ಕಂಪನಿಯವರು ಹಟ ಹಿಡಿದಾಗ ಪ್ರೊಫೆಸರ್, “ಮಗುವಿನ ಕೈಕಾಲು ಕತ್ತರಿಸಿ ಬುಟ್ಟಿಗೆ ಹಾಕ್ತೀರಾ? ಹಾಕಿ. ನಾನು ನೋಡಲ್ಲ,” ಎಂದು ಬ್ಯಾಂಡು ಕಟ್ಟಿಕೊಂಡು ಊರೂರು ಸುತ್ತಲು ವ್ಯಾನು ಹತ್ತಿಬಿಟ್ಟ. ಕತ್ತರಿಸಲು ಉಳಿದವಳು ಇವಳು. ಕತ್ತರಿ ಎಂದೇ ಇವಳ ಹೆಸರು, ಕತ್ತರಿಯನ್ನು ಒಂದು ದಿನವೂ ಮುಟ್ಟದಿದ್ದರೂ.

“ಆ ಕಡೆ ಕೂತ್ಕೋ, ಬಿಸಿಲು ಬೀಳ್ತಿದೆ,” ಎಂದು ಹುಡುಗಿ ಕನ್ನಡಿಯಲ್ಲಿ ನೋಡಿ ಹೇಳಿದಳು. ಇವಳು ಸರಿಯಲಿಲ್ಲ. ಬಿಸಿಲು ಆ ದಿನವೂ ಹೀಗೇ ಕಿಟಕಿಯಿಂದ ಓರೆಯಾಗಿ ಯಂತ್ರದ ಮೇಲೆ ಬಿದ್ದಿತ್ತು. ಹಾಡಿನ ಶುರುವಿಗೂ ಕೊನೆಗೂ ಒಂದು ಸುತ್ತು ಬೇಕಾಗಿತ್ತು: ಆರ್ಗನ್ನಿನ ಇಳಿಜಾರು, ಕೆಳಗೆ ಗಡಿಯಾರನ ಎಂಟು ಪೆಟ್ಟು. ಅದೊಂದನ್ನೇ ತಿರುತಿರುಗಿ ಓಡಿಸಬೇಕು. ಎಂಟೂ ಪೆಟ್ಟು ಚೆನ್ನಾಗಿರುವ ಸುತ್ತು ಎಲ್ಲಿಯೂ ಇರಲಿಲ್ಲ. ಒಂದರಲ್ಲಿ ಕುರ್ಚಿ ಕಿರುಗುಟ್ಟಿತ್ತು, ಒಂದರಲ್ಲಿ ಪ್ರೊಫೆಸರನ ಬೆರಳು ಜಾರಿತ್ತು. ಹಾಗಾಗಿ ಒಂದೊಂದು ಪೆಟ್ಟನ್ನೂ ಬೇರೆಬೇರೆ ಕಡೆಯಿಂದ ಆರಿಸಿ ಕತ್ತರಿಸಿ ಅಂಟಿಸಬೇಕು. ಯಂತ್ರದ ವೇಗಕ್ಕೆ ಆ ಹಾಡಿನ ಒಂದು ಪೆಟ್ಟು ಸರಿಯಾಗಿ ಇವಳ ಒಂದು ಗೇಣು ಬರುತ್ತಿತ್ತು, ಹೆಬ್ಬೆರಳಿನಿಂದ ಕಿರುಬೆರಳಿಗೆ; ಅಳತೆಪಟ್ಟಿಯೇ ಬೇಡ. ಎಂಟು ಗೇಣಿನ ಸುತ್ತು. ಕತ್ತರಿಸಿದ ತುಂಡುಗಳ ಬೆನ್ನಿಗೆ ಹಳದಿ ಪೆನ್ಸಿಲಿನಿಂದ ಅಂಕಿ ಬರೆದು ಕೊರಳಿಗೆ ಹಾಕಿಕೊಳ್ಳುವುದು ಅಲ್ಲಿನವರ ರೂಢಿ. ಮೇಜಿನ ಮೇಲಿಟ್ಟರೆ ಫ್ಯಾನಿನ ಗಾಳಿಗೆ ಹಾರಿಹೋಗುತ್ತವೆ. ಆರನೆಯದು ಅಂಟಿಸುವ ಹೊತ್ತಿಗೆ ಪಡಸಾಲೆಯ ಫೋನು ಬಂತು. ಅಕ್ಕನಿಗೆ ನೋವು ಶುರುವಾಗಿ ಆಸ್ಪತ್ರೆಗೆ ಸೇರಿಸಿದ್ದಾರೆ, ಭಾವ ಊರಲ್ಲಿಲ್ಲ, ನೀನು ಬಾ. ಇನ್ನರ್ಧ ಗಂಟೆ ಎಂದಳು. ಬಂದು ಕೂತು, ಏಳನೆಯದನ್ನು ಅಂಟಿಸಿ, ತುದಿಗೆ ತುದಿ ಸೇರಿಸಿ ಸುತ್ತು ಮುಚ್ಚಿದಳು. ಅದನ್ನು ಓಡಿಸಿ ದೊಡ್ಡ ಟೇಪಿಗೆ ಇಳಿಸುವಾಗ ಕಿವಿ ಅಲ್ಲಿರಲಿಲ್ಲ, ಆಸ್ಪತ್ರೆಯಲ್ಲಿತ್ತು. ಸಂಜೆ ಮಗುವನ್ನು ಎತ್ತಿಕೊಂಡು, ಕೆಂಪಗೆ ಮುದುಡಿದ ಮುಖ ನೋಡಿ ಇದು ಯಾರ ಹಾಗಿದೆ ಎಂದು ಎಲ್ಲರೂ ಜಗಳವಾಡುವಾಗ, ಕತ್ತಿನ ಹತ್ತಿರ ಏನೋ ಚುಚ್ಚಿತು. ಸ್ವೆಟರಿನ ಕುತ್ತಿಗೆಯೊಳಗೆ ಜಾರಿಹೋಗಿದ್ದ ಕಂದು ಪಟ್ಟಿ. ಬೆನ್ನ ಮೇಲೆ ಹಳದಿ ಎಂಟು.

ಇಷ್ಟು ತಪ್ಪು. ಇಷ್ಟೇ ಆಗಿದ್ದರೆ ಬರೀ ಕೈತಪ್ಪು, ಯಾರ ಕೈಯಲ್ಲಾದರೂ ಆಗುವಂಥದ್ದು. ಐವತ್ತು ವರ್ಷ ಅವಳು ತನಗೆ ತಾನೇ ಹೇಳಿಕೊಂಡು ಬಂದದ್ದೂ ಇಷ್ಟೇ ಭಾಗವನ್ನು.

ರೇಡಿಯೋದಲ್ಲಿ ಹಾಡು ಬಂದ ಮೊದಲ ವಾರವೇ ಹುಚ್ಚೆದ್ದು ಹೋಯಿತು. ಆ ಇಳಿಜಾರು ಆರ್ಗನ್ನು ಮೆಟ್ಟಿಲಿಳಿದಂತೆ ಇಳಿಯುತ್ತದೆ. ಇನ್ನೊಂದು ಮೆಟ್ಟಿಲಿದೆ ಎಂದುಕೊಂಡು ಕಾಲಿಟ್ಟರೆ ನೆಲವೇ ಬಂದುಬಿಡುತ್ತದೆ. ಆ ಧಕ್ಕೆ. ಅದಕ್ಕೇ ಜನ ಮತ್ತೆ ಮತ್ತೆ ಕೇಳಿದರು. ಬೀದಿಯಲ್ಲಿ ಹುಡುಗರು ಅದಕ್ಕೆ ಸರಿಯಾಗಿ ಕುಂಟುತ್ತ ನಡೆದರು. ಮೂರನೆಯ ವಾರ ಪ್ರೊಫೆಸರ್ ರೇಡಿಯೋದಲ್ಲಿ ಮಾತಾಡಿದ: ಏಳು ಎನ್ನುವುದು ಅಪೂರ್ಣತೆಯ ಸಂಖ್ಯೆ, ಅದು ನನಗೆ ಒಂದು ಕುಂಟು ನಾಯಿಯನ್ನು ನೋಡುವಾಗ ಹೊಳೆಯಿತು. ಇವಳು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ಕೇಳಿದಳು. ಚಾಕು ಕೈಯಲ್ಲೇ ಇತ್ತು, ರೇಡಿಯೋ ಮೂರು ಮೊಳ ದೂರದಲ್ಲಿತ್ತು. ಹತ್ತು ವರ್ಷದ ಮೇಲೆ ನಾಯಿ ಹೋಗಿ ಅವರಮ್ಮನ ಹೊಲಿಗೆ ಯಂತ್ರ ಬಂತು. ಅದಾದ ಮೇಲೆ ಒಂದು ರೈಲು. ಅಷ್ಟರಲ್ಲಿ ಗಡಿಯಾರ ಎಲ್ಲಿಗೋ ಹೋಗಿಯಾಗಿತ್ತು. ವೇದಿಕೆಯ ಮೇಲೆ ಅವನು ಎಂಟು ಬಾರಿಸುತ್ತಿದ್ದ, ತಟ್ಟೆ ಏಳು ಎನ್ನುತ್ತಿತ್ತು, ಜನ ಕೂಗುತ್ತಿದ್ದರು. “ನನ್ನ ಒಂದು ಪೆಟ್ಟು ಯಾರು ತಗೊಂಡ್ರು? ನಾನು ಎಂಟು ಬಾರಿಸಿದ್ದೆ,” ಎಂದು ಅವನು ಸ್ಟುಡಿಯೋಕ್ಕೆ ಬಂದು ಒಬ್ಬೊಬ್ಬರನ್ನೂ ಕೇಳಿದ. ಇವಳನ್ನೂ ಕೇಳಿದ. ಇವಳ ಬಾಯಲ್ಲಿ ಪೆನ್ಸಿಲಿತ್ತು. ತಲೆ ಅಲ್ಲಾಡಿಸಿದಳು, ಗೊತ್ತಿಲ್ಲ ಎಂದು. ಟಿವಿಯ ಮೊದಲ ಕಾರ್ಯಕ್ರಮದಲ್ಲಿ ಅವನು ನಡುವೆ ನಿಂತುಹೋದ. ಕ್ಯಾಮೆರಾ ಅವನ ಮುಖದ ಮೇಲೇ ಇತ್ತು, ದೊಡ್ಡ ಕಿವಿಗಳು ಕೆಂಪಾದದ್ದು ಕಪ್ಪುಬಿಳುಪಿನಲ್ಲೂ ಗೊತ್ತಾಗುತ್ತಿತ್ತು. ಲೆಕ್ಕ ಬಾರದ ಡ್ರಮ್ಮಿನವನನ್ನು ಮತ್ತಾವ ಬ್ಯಾಂಡು ಕರೆದೀತು? ಎಷ್ಟೋ ವರ್ಷದ ಮೇಲೆ ಒಂದು ಬಸ್ ಡಿಪೋದಲ್ಲಿ ಅವನನ್ನು ಕಂಡಳು. ಟೈಮ್‌ಕೀಪರ್. ಬಾಯಲ್ಲಿ ಸೀಟಿ, ಕೈಯಲ್ಲಿ ರಟ್ಟಿನ ಹಲಗೆ, “ಎಂಟು ಹತ್ತರದ್ದು ಯಾಕಪ್ಪ ಇನ್ನೂ ಇಲ್ಲೇ ನಿಂತಿದೆ? ಡ್ರೈವರು ಮದುವೆಗೆ ಹೋದ್ನಾ?” ಎಂದು ಕೂಗುತ್ತಿದ್ದ. ಇವಳು ಕಂಬದ ಹಿಂದೆ ನಿಂತು, ತನ್ನ ಬಸ್ಸು ಹೋಗುವುದನ್ನು ನೋಡುತ್ತ, ಅದನ್ನು ಹತ್ತದೆ ಬಿಟ್ಟಳು. ಆಮೇಲೊಮ್ಮೆ ಡಿಪೋದ ಗುಮಾಸ್ತನಿಂದ ಅವನ ಫೋನ್ ನಂಬರು ಬರೆಸಿಕೊಂಡಳು. ಆ ಚೀಟಿಯೂ ಡಬ್ಬಿಯಲ್ಲಿದೆ, ಹನ್ನೊಂದು ವರ್ಷದಿಂದ, ಮಡಿಕೆಯಲ್ಲಿ ಹರಿದು ಎರಡಾಗಿ.

ಸ್ಟುಡಿಯೋದ ಪಡಸಾಲೆ ಕಿರಿದಾಗಿತ್ತು, ಅಥವಾ ಇವಳಿಗೆ ಹಾಗೆ ಕಂಡಿತು. ಫೋನು ಇದ್ದಲ್ಲಿ ನೀರಿನ ಯಂತ್ರ ಗುಳುಗುಳು ಎನ್ನುತ್ತಿತ್ತು. “ಕಾಲು ನೋಯ್ತಿದ್ಯಾ?” ಎಂದು ಹುಡುಗಿ ಕೇಳಿದಳು, ಇವಳು ಗೋಡೆ ಹಿಡಿದದ್ದು ನೋಡಿ. ಕಾಲಲ್ಲ. ಇಲ್ಲೇ, ಈ ಗೋಡೆಯ ಪಕ್ಕದಲ್ಲೇ, ಮಗು ಹುಟ್ಟಿದ ಮರುದಿನ ಬೆಳಿಗ್ಗೆ ಎಂಟಕ್ಕೆ ಅವಳು ಓಡೋಡಿ ಬಂದಿದ್ದಳು, ಎಂಟನೆಯ ತುಂಡನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು. ತಟ್ಟೆ ಕೊರೆಯುವವರು ಟೇಪು ಒಯ್ಯಲು ಹನ್ನೊಂದಕ್ಕೆ ಬರುವವರಿದ್ದರು. ಮೂರು ಗಂಟೆ ಕೈಯಲ್ಲಿತ್ತು. ಸರಿಪಡಿಸಲು ಒಂದೂವರೆ ಸಾಕು. ಯಾವುದಕ್ಕೂ ಒಮ್ಮೆ ಕೇಳಿಬಿಡೋಣ ಎಂದು ಓಡಿಸಿದಳು. ಮೆಟ್ಟಿಲು ಇಳಿಯಿತು. ನೆಲ ಬಂದುಬಿಟ್ಟಿತು. ತೋಳಿನ ಮೇಲೆ ರೋಮ ಎದ್ದು ನಿಂತಿತು. ಇಪ್ಪತ್ತೆರಡು ನಿಮಿಷ ಹೇಳಲಾಗದೆ ತಡವರಿಸಿದ್ದನ್ನು ಆ ಕುಂಟು ಏಳು ಪೆಟ್ಟಿನಲ್ಲಿ ಹೇಳಿಬಿಟ್ಟಿತ್ತು. ಒಂಬತ್ತಕ್ಕೆ ಬಂದ ಹಿರಿಯ ಇಂಜಿನಿಯರು ಹಿಂದೆ ನಿಂತು ಕೇಳಿ, “ಇದೇನಮ್ಮ ಏಳು? ಪ್ರೊಫೆಸರ್ ಹೇಳಿದ್ದಾ?” ಎಂದರು. ಇಲ್ಲ ಸರ್, ನನಗೇ ಚೆನ್ನಾಗಿ ಕೇಳಿಸಿತು ಎಂದಿದ್ದರೆ ಆ ಕ್ಷಣವೇ ಬಿಚ್ಚಿ ಹಾಕಿಸುತ್ತಿದ್ದರು. “ಹೂಂ ಸರ್,” ಎಂದಳು. ಒಂದು ಹೂಂ. ಆ ಹೂಂ ಹಾಡನ್ನು ಉಳಿಸಿತು, ಪ್ರೊಫೆಸರನಿಗೆ ಅದನ್ನು ತಟ್ಟೆಯಲ್ಲಿಟ್ಟು ಕೊಟ್ಟಿತು, ಗಡಿಯಾರನನ್ನು ಡಿಪೋಕ್ಕೆ ಕಳಿಸಿತು. ಕಳ್ಳ ಕಳ್ಳ ಎಂದು ಐವತ್ತು ವರ್ಷ ಕುದಿದಳಲ್ಲ, ಆ ಕಳ್ಳನ ಕೈಗೆ ಸಾಮಾನು ಕೊಟ್ಟು ಬಾಗಿಲು ತೆರೆದು ನಿಂತವಳು ಯಾರು?

“ಬಾರಮ್ಮ ಕತ್ತರಿ!” ಒಳಗಿನಿಂದ ಪ್ರೊಫೆಸರನ ದನಿ. ಕೊರಳಿಗೆ ರೇಷ್ಮೆ ಸ್ಕಾರ್ಫು, ಕೈಯಲ್ಲಿ ಬೆಳ್ಳಿ ಹಿಡಿಯ ಕೋಲು. “ನೀನು ಒಂಚೂರೂ ಬದಲಾಗಿಲ್ಲ ಬಿಡು.”

“ನೀವೂ ಅಷ್ಟೇ,” ಎಂದಳು. ಅದು ಹೊಗಳಿಕೆಯಾಗಿರಲಿಲ್ಲ.

ಗಡ್ಡದವನು ಓಡಿಬಂದು ಕುರ್ಚಿ ಎಳೆದ. ಮೇಜಿನ ಮೇಲೆ ಹಳೆಯ ಪೆಟ್ಟಿಗೆಗಳು. ಒಂದರ ಮೇಲೆ ಇವಳದೇ ಅಕ್ಷರದಲ್ಲಿ ‘ಶುರುವಿನ ಸುತ್ತು’. ಗೋಡೆಗೆ ಒತ್ತಿ ನಿಂತಿದ್ದ ಆ ಕಾಲದ ಯಂತ್ರವನ್ನು ಫೋಟೋಗೆಂದು ಒರೆಸಿ ಹೊಳೆಯಿಸಿದ್ದರು. “ಅದು ಓಡುತ್ತಾ?” ಎಂದು ಕೇಳಿದಳು. “ಓಡುತ್ತೆ ಮೇಡಂ, ನಿನ್ನೆ ತಾನೇ ಸರ್ವಿಸ್ ಮಾಡಿಸಿದ್ದೀವಿ. ಮೊದಲು ಸರ್ ಮಾತು ಮುಗಿಸಿಬಿಡೋಣ.” ಧ್ವನಿ ಹಿಡಿಯುವ ಪುಟ್ಟ ಪೆಟ್ಟಿಗೆಯ ಕೆಂಪು ದೀಪ ಹೊತ್ತಿತು. ಆ ಏಳರ ಲೆಕ್ಕ ನಿಮಗೆ ಹೇಗೆ ಹೊಳೆಯಿತು ಸರ್ ಎಂದು ಗಡ್ಡದವನು ಕೇಳಿದ, ಉತ್ತರ ಮೊದಲೇ ಅಚ್ಚಾಗಿದ್ದರೂ. ಪ್ರೊಫೆಸರ್ ಕಣ್ಣು ಮುಚ್ಚಿದ. “ಹೃದಯ. ಮನುಷ್ಯನ ಹೃದಯ ಒಂದೊಂದು ಸಲ ಒಂದು ಬಡಿತ ತಪ್ಪುತ್ತಲ್ಲ…”

“ನಾಯಿ ಏನಾಯ್ತು?” ಎಂದಳು ಇವಳು.

“ಏನು?”

“ಕುಂಟು ನಾಯಿ. ಆಮೇಲೆ ಹೊಲಿಗೆ ಯಂತ್ರ. ಆಮೇಲೆ ರೈಲು. ಒಂದು ಪೆಟ್ಟು ಕಮ್ಮಿ ಇರೋ ಹಾಡಿಗೆ ಎಷ್ಟು ಜನ ತಂದೆತಾಯಿ!”

ಬಾಗಿಲ ಬಳಿ ನಿಂತಿದ್ದ ಹುಡುಗಿ ನಗು ತಡೆಯಲು ಕೆಮ್ಮಿದಳು. ಇವಳು ಡಬ್ಬಿಯ ಮುಚ್ಚಳ ತೆಗೆದು ಕಂದು ಪಟ್ಟಿಯನ್ನು ಮೇಜಿನ ಮೇಲೆ ಚಾಚಿದಳು. ಒಂದು ಗೇಣು. ಬೆನ್ನ ಮೇಲಿನ ಹಳದಿ ಎಂಟು ಮಾಸಿರಲಿಲ್ಲ. “ಇದು ಎಂಟನೇದು. ನನ್ನ ಕೊರಳಲ್ಲಿ ಉಳಿದುಬಿಟ್ಟಿತ್ತು. ಗಡಿಯಾರ ಎಂಟು ಬಾರಿಸಿದ್ದ, ಸರಿಯಾಗೇ ಬಾರಿಸಿದ್ದ. ಹನ್ನೊಂದನೇ ಪುಟ ತಿದ್ದಿ.”

“ಅಯ್ಯೋ, ಎಂಥ ಚಂದದ ಕಥೆ ಮೇಡಂ!” ಎಂದು ಗಡ್ಡದವನು ಎದ್ದೇ ನಿಂತ. “ಒಂದು ಕೈತಪ್ಪಿನಿಂದ ಮಹಾಕೃತಿ! ಬಾಕ್ಸ್ ಮಾಡಿ ಹಾಕ್ತೀನಿ, ಈ ತುಂಡಿನ ಫೋಟೋ ಸಮೇತ.”

ಪ್ರೊಫೆಸರ್ ಪಟ್ಟಿಯನ್ನು ದಿಟ್ಟಿಸಿದ. ಒಂದು ಗಳಿಗೆ, ಒಂದೇ ಗಳಿಗೆ, ಆ ಮುಖದಲ್ಲಿ ಏನೋ ಕದಡಿತು. ಅವನಿಗೂ ಇದು ಗೊತ್ತಿರಲಿಲ್ಲವೆನ್ನುವುದು, ವ್ಯಾನಿನಲ್ಲಿ ರೇಡಿಯೋ ಕೇಳಿ ಅವನೂ ಬೆಚ್ಚಿದ್ದನೆನ್ನುವುದು ಇವಳಿಗೆ ಮೊದಲ ಸಲ ತಿಳಿಯಿತು. ಆಮೇಲೆ ಮುಖ ಕೂಡಿಕೊಂಡಿತು. “ಇರಬಹುದು. ಆಗಲಿ. ಆಕಸ್ಮಿಕ ಯಾರಿಗಾದರೂ ಆಗುತ್ತೆ ಕತ್ತರಿ. ಅದು ಚೆನ್ನಾಗಿದೆ ಅಂತ ಗುರುತಿಸೋದಿದೆಯಲ್ಲ, ಅದು ಕಲೆ. ಗುರುತಿಸಿದವನು ನಾನು.”

ಇಲ್ಲಿಗೆ ಬಿಡಬಹುದಿತ್ತು. ಗಡ್ಡದವನ ಪೆನ್ನು ಓಡುತ್ತಿತ್ತು. ಕೈತಪ್ಪು ಎಂದು ಅಚ್ಚಾಗುತ್ತದೆ, ಗಡಿಯಾರನ ಮಾನ ಉಳಿಯುತ್ತದೆ, ಮರೆವಿನ ಹುಡುಗಿಯೆಂದು ತನ್ನನ್ನು ನೋಡಿ ಎಲ್ಲರೂ ಮುಗುಳ್ನಗುತ್ತಾರೆ, ಮನೆಗೆ ಹೋಗಬಹುದು. ಯಾರಿಗೂ ನೋವಿಲ್ಲ. ಆದರೆ ‘ಗುರುತಿಸಿದವನು ನಾನು’ ಎಂಬ ಮಾತು ಗಂಟಲಲ್ಲಿ ಮೀನಿನ ಮುಳ್ಳಿನಂತೆ ನಿಂತಿತು. ಅವಳು ಬದುಕಿನಲ್ಲಿ ಮಾಡಿದ್ದು ಒಂದೇ ಒಂದು. ಅದನ್ನು ಈಗಲೂ ಅವನಿಗೆ ಬಿಟ್ಟುಕೊಟ್ಟರೆ ತಾನು ಕಳ್ಳಿಯಾಗುವುದು ತಪ್ಪುತ್ತದೆ. ತನ್ನದೆಂದರೆ ಗಡಿಯಾರನ ಪೆಟ್ಟನ್ನು ಕದ್ದವಳು ತಾನೇ. ಎರಡರಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳುವಂತಿರಲಿಲ್ಲ.

“ಗುರುತಿಸಿದ್ದು ನೀವಲ್ಲ,” ಎಂದಳು. ದನಿ ತನ್ನದೇ ಎಂದು ಅನ್ನಿಸಲಿಲ್ಲ, ಅಷ್ಟು ಜೋರಾಗಿತ್ತು. “ನೀವು ಆ ಹೊತ್ತಿಗೆ ಮುನ್ನೂರು ಮೈಲಿ ಆಚೆ ವ್ಯಾನಿನಲ್ಲಿ ಬಾಯಿ ತೆಕ್ಕೊಂಡು ಗೊರಕೆ ಹೊಡೀತಿದ್ರಿ. ಬೆಳಿಗ್ಗೆ ಎಂಟಕ್ಕೆ ಬಂದು ಕೇಳಿದವಳು ನಾನು. ಸರಿಮಾಡೋಕೆ ಮೂರು ಗಂಟೆ ಇತ್ತು. ಚೆನ್ನಾಗಿತ್ತು, ಅದಕ್ಕೇ ಬಿಟ್ಟೆ. ಬೇಕಂತಲೇ ಬಿಟ್ಟೆ. ಇಂಜಿನಿಯರ್ ಕೇಳಿದಾಗ ಪ್ರೊಫೆಸರ್ ಹೇಳಿದ್ದು ಅಂತ ಸುಳ್ಳು ಹೇಳಿದೆ. ಗಡಿಯಾರ ಬಂದು ಕೇಳಿದಾಗ ಗೊತ್ತಿಲ್ಲ ಅಂದೆ. ಬರ್ಕೋಪ್ಪ, ಯಾಕೆ ನಿಲ್ಲಿಸ್ದೆ? ಇದು ಚಂದದ ಕಥೆ ಅಲ್ವಾ?”

ಕೆಂಪು ದೀಪ ಉರಿಯುತ್ತಿತ್ತು. ಹುಡುಗಿ ಮೆಲ್ಲಗೆ ಹತ್ತಿರ ಬಂದು, “ಚಿಕ್ಕಮ್ಮ, ನಾನು ಹುಟ್ಟಿದ್ದಕ್ಕೆ…” ಎಂದಳು. “ನೀನು ಹುಟ್ಟಿದ್ದಕ್ಕೆ ಅಲ್ಲ ಕಣೇ. ಅದು ಹಿಂದಿನ ದಿನ. ನಾನು ಹೇಳ್ತಿರೋದು ಮಾರನೇ ಬೆಳಿಗ್ಗೆ.” ಚೀಟಿಯ ಎರಡು ಚೂರುಗಳನ್ನು ಅವಳ ಕೈಗಿಟ್ಟು, “ಈ ನಂಬರ್ ಒತ್ತು,” ಎಂದಳು.

ಫೋನು ಬಹಳ ಹೊತ್ತು ರಿಂಗಾಯಿತು. “ಯಾರ್ರೀ?” ಎಂಬ ಒಣಗಿದ ದನಿ ಸ್ಪೀಕರಿನಿಂದ ಬಂತು. ಇವಳು ಹೇಳಿದಳು. ಕತ್ತರಿ. ಸ್ಟುಡಿಯೋದಿಂದ. ಈಗ ಹೇಳಿದ್ದನ್ನೆಲ್ಲ ಮತ್ತೊಮ್ಮೆ ಹೇಳಿದಳು, ಒಂದು ಮಾತೂ ಬಿಡದೆ, ಈ ಸಲ ಗಟ್ಟಿಯಾಗಿ ಹೇಳಲಾಗಲಿಲ್ಲ. ಕರೆ ಕಡಿದುಹೋಯಿತೇನೋ ಎಂದು ಹುಡುಗಿ ಫೋನು ತಿರುಗಿಸಿ ನೋಡಿದಳು.

“ಐವತ್ತು ವರ್ಷ,” ಎಂದ ಗಡಿಯಾರ. “ನಿನ್ನ ಕೇಳಿದ್ದೆ ನಾನು. ನಿನ್ನ ಮುಂದೆ ನಿಂತು ಕೇಳಿದ್ದೆ. ಬಾಯಲ್ಲಿ ಪೆನ್ಸಿಲ್ ಇತ್ತು ನಿನಗೆ.”

“ಹೂಂ.”

“ನನ್ನ ಹೆಂಡತಿಯೂ ನಂಬಲಿಲ್ಲ ಕಣೇ. ಸಾಯೋ ತನಕ. ನೀವು ಎಣಿಸೋದು ತಪ್ಪಿದ್ದೀರಿ ಬಿಡಿ, ಯಾಕೆ ಹಟ, ಅಂತಿದ್ಲು. ಕೊನೆಗೆ ನನಗೂ ಹಾಗೇ ಅನ್ನಿಸೋಕೆ ಶುರುವಾಗಿತ್ತು. ಬಸ್ಸಿಗೆ ಸೀಟಿ ಊದೋ ಮುಂಚೆ ಎರಡೆರಡು ಸಲ ವಾಚ್ ನೋಡ್ತಿದ್ದೆ. ನಾನು! ವಾಚ್!”

ಕ್ಷಮಿಸು ಎನ್ನುವ ಪದ ನಾಲಿಗೆಗೆ ಬಂದು ಅಲ್ಲೇ ಹುಳಿಯಾಯಿತು. ಅದನ್ನು ಹೇಳುವುದಕ್ಕೆ ಅವಳಿಗೆ ನಾಚಿಕೆಯಾಯಿತು.

“ಆ ತುಂಡು ಇದೆಯಾ ಇನ್ನೂ?” ಎಂದ ಅವನು.

“ಇದೆ.”

“ಹಾಕು. ಕೇಳಿಸು.”

“ಇದು ಮೂಲ ಟೇಪು ಮೇಡಂ, ಅದನ್ನ ಕತ್ತರಿಸೋಕೆ…” ಎಂದು ಗಡ್ಡದವನು ‘ಶುರುವಿನ ಸುತ್ತು’ ಪೆಟ್ಟಿಗೆಗೆ ಕೈ ಅಡ್ಡ ತಂದ. ಹುಡುಗಿ ಅವನ ಕೈಯನ್ನು ಹಿಡಿದು ಕೆಳಗಿಳಿಸಿದಳು, ಒರಟಾಗಿ ಅಲ್ಲ, ಮಗುವಿನ ಕೈಯಿಂದ ಬೆಂಕಿಪೊಟ್ಟಣ ತೆಗೆಯುವ ಹಾಗೆ. ಡಬ್ಬಿಯಲ್ಲಿ ಬ್ಲೇಡೂ ಇತ್ತು, ಬಿಳಿ ಅಂಟುಪಟ್ಟಿಯೂ ಇತ್ತು. ಕಣ್ಣು ಮಂಜಾದರೂ ಬೆರಳಿಗೆ ದಾರಿ ಗೊತ್ತಿತ್ತು. ಸುತ್ತನ್ನು ತನ್ನ ಹಳೆಯ ಅಂಟಿನ ಜಾಗದಲ್ಲೇ ಓರೆಯಾಗಿ ಕೊಯ್ದು, ಎಂಟನೆಯ ಗೇಣನ್ನು ನಡುವೆ ಕೂರಿಸಿ, ಉಗುರಿನಿಂದ ಒತ್ತಿ ನೀವಿ, ಯಂತ್ರಕ್ಕೇರಿಸಿದಳು. ಸಡಿಲವಾಗಿ ಜೋತ ಸುತ್ತನ್ನು ಬಿಗಿಯಾಗಿ ಹಿಡಿಯಲು ಏನಾದರೂ ಬೇಕಿತ್ತು. ಪ್ರೊಫೆಸರನ ಕೈಯಿಂದ ಬೆಳ್ಳಿ ಹಿಡಿಯ ಕೋಲನ್ನು ತೆಗೆದುಕೊಂಡು ಸುತ್ತನ್ನು ಅದಕ್ಕೆ ತೊಡಿಸಿ ಅವನಿಗೇ ಹಿಂದಕ್ಕೆ ಕೊಟ್ಟು, “ನೆಟ್ಟಗೆ ಹಿಡ್ಕೊಂಡು ನಿಂತಿರಿ. ಅಲ್ಲಾಡಬೇಡಿ,” ಎಂದಳು. ಅವನು ಹಿಡಿದುಕೊಂಡ.

ಮೆಟ್ಟಿಲು ಇಳಿಯಿತು. ಇಳಿಯಿತು. ನೆಲ ಬರಬೇಕಾದಲ್ಲಿ ಇನ್ನೊಂದು ಮೆಟ್ಟಿಲು. ಅದರ ಮೇಲೆ ಒಂದು ಗಟ್ಟಿ ಪೆಟ್ಟು, ಪೆಟ್ಟಿನ ಬೆನ್ನಿಗೆ, ಹಿರಿಯ ಇಂಜಿನಿಯರು ಹಣೆ ಚಚ್ಚಿಕೊಳ್ಳುತ್ತಿದ್ದ ಆ ಎಳೆಯ ಗಂಡುದನಿ: ಎಂಟು. ಮತ್ತೆ ಇಳಿಯಿತು. ಎಂಟು. ಹಾಡು ಸಪ್ಪೆಯಾಗಿತ್ತು. ಎಲ್ಲ ಹಾಡುಗಳ ಹಾಗೆ ಸರಿಯಾಗಿ, ದುಂಡಗೆ, ಯಾವ ಧಕ್ಕೆಯೂ ಇಲ್ಲದೆ ಸುತ್ತುತ್ತಿತ್ತು. ಏಳೇ ಚೆನ್ನಾಗಿತ್ತು. ಈಗಲೂ ಏಳೇ ಚೆನ್ನಾಗಿತ್ತು ಎನ್ನುವುದು ಅವಳ ಎದೆಗೆ ಮೊಳೆಯಂತೆ ಇಳಿಯಿತು, ಅದನ್ನು ತಿಳಿದ ಕಿವಿಯ ಮೇಲೆ ಅವಳಿಗೆ ಅಸಾಧ್ಯ ಸಿಟ್ಟು ಬಂತು. ಫೋನನ್ನು ಹುಡುಗಿಯಿಂದ ತೆಗೆದುಕೊಂಡು ಯಂತ್ರದ ಸ್ಪೀಕರಿನ ಹತ್ತಿರ ಎತ್ತಿ ಹಿಡಿದಳು.

ಆ ಕಡೆಯಿಂದ ಟಕ್ ಎಂದು ಸದ್ದು ಬಂತು. ಮೇಜೋ, ಕುರ್ಚಿಯ ಕೈಯೋ, ಯಾವುದೋ ಮರದ ಮೇಲೆ ಬೆರಳು. ಮೊದಲು ಮೆಲ್ಲಗೆ, ಆಮೇಲೆ ಗಟ್ಟಿಯಾಗಿ, ಯಂತ್ರದ ಜೊತೆ ಜೊತೆಗೆ, ಕೂದಲೆಳೆಯಷ್ಟೂ ಹಿಂದಿಲ್ಲ, ಮುಂದಿಲ್ಲ. ಎಂಟನೆಯದಕ್ಕೆ ಬಂದಾಗ ಎರಡು ದನಿ, ಇಪ್ಪತ್ತನಾಲ್ಕರದ್ದೂ ಎಪ್ಪತ್ತನಾಲ್ಕರದ್ದೂ, ಒಟ್ಟಿಗೆ ಎಣಿಸಿದವು.

ಹತ್ತು ಸುತ್ತಾಯಿತು, ಇಪ್ಪತ್ತಾಯಿತು. ಅವಳ ತೋಳು ಸೋತು ಫೋನು ಕೆಳಕ್ಕಿಳಿಯಿತು. “ಕೇಳಿಸ್ತಾ?” ಎಂದಳು. “ಸಾಕಾ?”

“ನಿಲ್ಲಿಸ್ಬೇಡ,” ಎಂದ ಅವನು. “ನಾನು ಹೇಳೋವರೆಗೂ ನಿಲ್ಲಿಸ್ಬೇಡ.”

ಅವಳು ಎಡಗೈಯಿಂದ ಬಲಗೈಗೆ ಆಧಾರ ಕೊಟ್ಟು ಫೋನನ್ನು ಮತ್ತೆ ಮೇಲೆತ್ತಿ ಹಿಡಿದಳು.